ಪುಟ್ಟಿ, ಆ ಸ್ಕೀ ಬೇಡ ಅಂತ ಹೇಳಿಬಿಡು

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡಿದೆ ಕಣೇ. ಚಿಂಟು ಜನವರಿಯಲ್ಲಿ ಕಾಶ್ಮೀರದ ಗುಲ್ಮಾರ್ಗ್‌ಗೆ ಸ್ಕೀ ಕಲಿಯಲು ಹೋಗುತ್ತಿದ್ದಾನೆ, ಆಫೀಸಿನ ಸ್ನೇಹಿತ ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟಿಕೊಳ್ಳುವ ತನ್ನ ಸ್ಕೀ ಪಟ್ಟಿ, ಬೂಟು ಎಲ್ಲಾ ಕೊಡುತ್ತೇನೆ ಅಂದಿದ್ದಾನೆ, ತಗೊಂಡು ಹೋಗಬಹುದಾ ಅಂತ ಕೇಳಿದ್ದೀಯ. ಟೈಪ್ ಮಾಡುತ್ತಾ ಕೂತರೆ ಸಂಜೆಯಾಗುತ್ತದೆ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಪೂರ್ತಿ ಕೇಳು.

ಬೇಡ. ಇನ್ನೊಬ್ಬರ ಅಳತೆಯ ಸ್ಕೀ ಅವನು ಕಾಲಿಗೆ ಕಟ್ಟಿಕೊಳ್ಳುವುದು ಬೇಡ.

ನನ್ನ ಮಂಡಿ ವಿಷಯ ಎಲ್ಲರಿಗೂ ಗೊತ್ತು. ಅದು ಹೇಗಾಯಿತು ಅಂತ ಮಾತ್ರ ಯಾರೂ ಕೂತು ಕೇಳಿಲ್ಲ. 2008ರ ಜನವರಿ. ನಿಮ್ಮ ದೊಡ್ಡಪ್ಪನಿಗೆ ಕೆಲಸದಲ್ಲಿ ಪ್ರವಾಸಕ್ಕೆ ಕೊಡುವ ಎಲ್‌ಟಿಸಿ ಸಿಕ್ಕಿತ್ತು, ಕಾಶ್ಮೀರಕ್ಕೆ ಹೋಗಿದ್ದೆವು. ಅವರ ಸ್ನೇಹಿತರೊಬ್ಬರು ಆಗ ಶ್ರೀನಗರದಲ್ಲಿದ್ದರು. ಆರಡಿ ಆಳು, ವರ್ಷಗಟ್ಟಲೆ ಸ್ಕೀ ಮಾಡಿದವರು. ಬಾಡಿಗೆ ಯಾಕೆ ದಂಡ, ನನ್ನದೇ ತಗೊಳ್ಳಿ ಅಂದರು. ನನ್ನ ಎತ್ತರ 157 ಸೆಂಟಿಮೀಟರ್, ಆ ಸ್ಕೀ 180. ನನ್ನ ತಲೆಗಿಂತ ಮೇಲೆ ನಿಂತಿತ್ತು. ಬೂಟು ದೊಡ್ಡದು ಅಂತ ಎರಡು ಜೊತೆ ಉಲ್ಲನ್ ಸಾಕ್ಸ್ ಹಾಕಿಕೊಂಡೆ.

ಜೋರಾಗಿ ಹೋಗಿ ಬಿದ್ದೆ ಅಂದುಕೊಂಡಿದ್ದೀರಿ ಎಲ್ಲರೂ. ಇಲ್ಲ. ಮಕ್ಕಳು ಕಲಿಯುವ ಇಳಿಜಾರು ಅದು, ನಡೆದುಕೊಂಡು ಹೋಗುವಷ್ಟು ನಿಧಾನ. ತಿರುಗಿಸಲು ನೋಡಿದೆ, ಅಷ್ಟುದ್ದದ ಸ್ಕೀ ತಿರುಗಲಿಲ್ಲ. ತುದಿ ಹಿಮದಲ್ಲಿ ಸಿಕ್ಕಿಕೊಂಡಿತು, ನಾನು ಪಕ್ಕಕ್ಕೆ ಬಿದ್ದೆ. ಬೂಟನ್ನು ಸ್ಕೀಗೆ ಹಿಡಿದುಕೊಳ್ಳುವ ಬೈಂಡಿಂಗ್ ಇರುತ್ತದಲ್ಲ, ಬಿದ್ದಾಗ ಅದು ಬಿಟ್ಟುಕೊಳ್ಳಬೇಕು. ಎಷ್ಟು ಬಲಕ್ಕೆ ಬಿಡಬೇಕು ಅನ್ನುವುದಕ್ಕೆ ಅದರಲ್ಲೊಂದು ಅಂಕಿ ಇರುತ್ತದೆ. ಅವರ ತೂಕಕ್ಕೆ, ಅವರ ವೇಗಕ್ಕೆ ಬಿಗಿ ಮಾಡಿಟ್ಟದ್ದು, ನನ್ನ 52 ಕೆಜಿಗೆ ಬಿಡಲಿಲ್ಲ. ಸ್ಕೀ ಅಲ್ಲೇ ನಿಂತಿತು, ಮಂಡಿ ತಿರುಚಿಕೊಂಡಿತು. ಒಳಗೆ ಟಪ್ ಅಂದ ಸದ್ದು ನನಗೆ ಕೇಳಿಸಿತು. ಮೈಸೂರಿಗೆ ಬಂದು ಎಂಆರ್‌ಐ ಮಾಡಿಸಿದರೆ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಲಿಗಮೆಂಟ್ ಹರಿದಿದೆ ಅಂದರು. ಆಪರೇಷನ್, ಆಮೇಲೆ ಒಂಬತ್ತು ತಿಂಗಳು ಫಿಸಿಯೋಥೆರಪಿ. ಆಷಾಢ ಶುಕ್ರವಾರ ಮೆಟ್ಟಿಲು ಹತ್ತಿ ಚಾಮುಂಡಿ ತಾಯಿಯನ್ನು ನೋಡುತ್ತಿದ್ದವಳು ನಾನು. ಅವತ್ತಿನಿಂದ ಬಸ್ಸಿನಲ್ಲೇ ಹೋಗುವುದು.

ಅದಕ್ಕೇ ಮತ್ತೆ ಹೇಳುತ್ತಿದ್ದೇನೆ ಪುಟ್ಟಿ, ಬೇರೆಯವರ ಅಳತೆಯ ಸ್ಕೀ ಬೇಡ. ಪುಕ್ಕಟೆ ಸಿಕ್ಕರೂ ಬೇಡ.

ಆ ಮನುಷ್ಯ ಮಾರನೇ ದಿನ ಬಂದರು. ಮೊದಲು ನೋಡಿದ್ದು ಸ್ಕೀಗೆ ಗೀರು ಬಿದ್ದಿದೆಯಾ ಅಂತ. ಹೋಗಲಿ, ಅವರು ಹೊರಗಿನವರು. ನಮ್ಮವರೇ ಏನಂದರು? ಈ ವಯಸ್ಸಿನಲ್ಲಿ ಇವಳಿಗೆ ಹಿಮದ ಮೇಲೆ ಏನು ಕೆಲಸ ಅಂದರು. ನಲವತ್ತೊಂದು ಒಂದು ವಯಸ್ಸಾ? ಅದೇ ಬೇಸಿಗೆಯಲ್ಲಿ ಮಂಡ್ಯದ ಮನೆ ಗೃಹಪ್ರವೇಶ. ಕೋಲು ಹಿಡಿದುಕೊಂಡು ಬಂದಿದ್ದೆ. ಒಂದು ಕುರ್ಚಿ ಹಾಕಿ ಅತ್ತಿಗೆ ಕೂತ್ಕೊಳ್ಳಿ ಅನ್ನಲಿಲ್ಲ ಯಾರೂ. ಊಟಕ್ಕೆ ನೆಲದ ಪಂಕ್ತಿ, ನನಗೆ ಮಂಡಿ ಮಡಿಸಲು ಆಗದು. ಅಡುಗೆಮನೆ ಬಾಗಿಲಲ್ಲಿ ನಿಂತೇ ಪಾಯಸ ಕುಡಿದು ಬಸ್ ಹತ್ತಿದೆ. ನಿಮ್ಮಮ್ಮ ಒಬ್ಬಳೇ ಗೇಟಿನವರೆಗೆ ಬಂದದ್ದು. ಅದನ್ನು ನಾನು ಮರೆತಿಲ್ಲ, ಅದಕ್ಕೇ ನಿನಗೆ ಇಷ್ಟು ಹೇಳುವುದು.

ಅಯ್ಯೋ, ಏನು ತಗೋಬೇಕು ಅಂತ ಹೇಳಲೇ ಇಲ್ಲ ನೋಡು. ಅಲ್ಲೇ ಬಾಡಿಗೆಗೆ ಸಿಗುತ್ತದೆ, ಮೊದಲ ಸಲ ಯಾವುದನ್ನೂ ಕೊಳ್ಳುವುದು ಬೇಡ. ಬೂಟನ್ನು ಮೊದಲು ನೋಡಲಿ. ಪಾದ ಎಷ್ಟು ಸೆಂಟಿಮೀಟರ್ ಅಂತ ಮನೆಯಲ್ಲೇ ಅಳೆದುಕೊಂಡು ಹೋಗಲಿ, ಸ್ಕೀ ಬೂಟಿನ ಸೈಜು ಅದೇ ಲೆಕ್ಕ. ಒಂದೇ ಜೊತೆ ತೆಳು ಸಾಕ್ಸ್. ನೆಟ್ಟಗೆ ನಿಂತರೆ ಬೆರಳು ಮುಂದೆ ತಾಗಬೇಕು, ಮಂಡಿ ಬಗ್ಗಿಸಿದರೆ ಹಿಂದೆ ಸರಿಯಬೇಕು, ಹಿಮ್ಮಡಿ ಏಳಬಾರದು. ಮೆದು ಬೂಟು ಕೇಳಲಿ, ಬೂಟು ಎಷ್ಟು ಗಟ್ಟಿ ಅಂತ ಹೇಳುವ ಅಂಕಿಗೆ ಫ್ಲೆಕ್ಸ್ ಅನ್ನುತ್ತಾರೆ, ಅದು 70, 80 ಇದ್ದರೆ ಸಾಕು. 120 ಎಲ್ಲಾ ಪಳಗಿದವರಿಗೆ. ಸ್ಕೀ ನೆಟ್ಟಗೆ ನಿಲ್ಲಿಸಿದರೆ ಗದ್ದಕ್ಕೂ ಮೂಗಿಗೂ ನಡುವೆ ಬರಬೇಕು. ಚಿಂಟು 175 ಇದ್ದಾನಲ್ಲ, 155ರಿಂದ 160 ಸರಿಹೋಗುತ್ತದೆ.

ಬೈಂಡಿಂಗ್ ಅಂಗಡಿಯವರೇ ಕೂರಿಸಲಿ, ಅವನ ತೂಕ, ಎತ್ತರ, ವಯಸ್ಸು, ಬೂಟಿನ ಅಡಿಭಾಗದ ಉದ್ದ ಎಲ್ಲಾ ನೋಡಿ. ಸ್ಕೀ ಮಾಡಲು ಬರುತ್ತಾ ಅಂತ ಕೇಳಿದರೆ ಬರಲ್ಲ ಅಂತಲೇ ಹೇಳಲಿ, ಅದರ ಮೇಲೇ ಆ ಅಂಕಿ ಇಡುವುದು. ಹೆಲ್ಮೆಟ್ ಬಿಡಬಾರದು. ಗೊಂಡೊಲಾ ಅಂತಾರಲ್ಲ, ಆ ಕೇಬಲ್ ಕಾರಿನಲ್ಲಿ ಅಫರ್ವತ್ ಬೆಟ್ಟದವರೆಗೆ ಹೋಗಿ ನೋಡಿಕೊಂಡು ಬರಲಿ, ಅಲ್ಲಿಂದ ಸ್ಕೀ ಮಾಡಿಕೊಂಡು ಇಳಿಯುವುದು ಮಾತ್ರ ಬೇಡ.

ಅವನ ತೂಕ ಈಗ ಎಷ್ಟಿದೆ ಅಂತ ನೋಡಿ ಒಂದು ಚೀಟಿಯಲ್ಲಿ ಬರೆದು ಕೊಡು. ಕೇಳಿದಾಗ ಅಂದಾಜಿಗೆ ಹೇಳಿಬಿಡುತ್ತಾನೆ ಅವನು.