ಅನ್ನ ‘ಆರಿಸಿ’ ಎಂದರೆ ಸಾಕೇ?

ಗೆಳೆಯರೆ, ನಮಸ್ಕಾರ.

ಕೋಳಿ ಮತ್ತು ಅನ್ನ ಸೇರಿಸಿ ಮಾಡುವ ತಣ್ಣನೆಯ ಸಲಾಡಿನ ವಿಧಾನವನ್ನು ಕನ್ನಡದಲ್ಲಿ ಬರೆಯುತ್ತಾ ಒಂದು ಕ್ರಿಯಾಪದದ ಹತ್ತಿರ ನಿಂತುಬಿಟ್ಟಿದ್ದೇನೆ. ಕರಡಿನಲ್ಲಿ ‘ಅನ್ನವನ್ನು ಆರಿಸಿ, ಕೋಳಿಯ ಜೊತೆ ಬೆರೆಸಿ’ ಎಂದಿತ್ತು. ಅದನ್ನು ನೋಡಿಕೊಂಡು ಮಾಡಿದ ನನ್ನ ಅಕ್ಕ, ಪಾತ್ರೆಯ ಮುಚ್ಚಳ ಓರೆ ಮಾಡಿ ಅನ್ನವನ್ನು ಒಲೆಯ ಪಕ್ಕದಲ್ಲೇ ಮೂರು ಗಂಟೆ ಬಿಟ್ಟಿದ್ದಳು. ಕೇಳಿದ್ದಕ್ಕೆ, ‘ಆರಲಿ ಅಂತ ಬಿಟ್ಟೆ, ನೀನು ಹಾಗೇ ತಾನೇ ಬರೆದಿರೋದು?’ ಎಂದಳು. ಅವಳು ಓದಿಕೊಂಡದ್ದು ಸರಿಯಾಗಿಯೇ ಇತ್ತು.

ಆರುವುದೆಂದರೆ ಬಿಸಿ ತಾನಾಗಿ ಇಳಿಯುವುದು. ಹಾಲು ಆರಿತು, ಸಾರು ಆರಿಹೋಯಿತು ಎನ್ನುತ್ತೇವೆ. ಫ್ರಿಜ್‌ನಿಂದ ತೆಗೆದ ನೀರನ್ನು ಯಾರೂ ‘ಆರಿದ ನೀರು’ ಎನ್ನುವುದಿಲ್ಲ. ಸಲಾಡಿಗೆ ಬೇಕಾದದ್ದು ಫ್ರಿಜ್‌ನ ಆ ನೀರಿನಂಥ ತಂಪು. ಬೆಂದ ಅನ್ನವನ್ನು ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಹಬೆ ಹೋಗುತ್ತಲೇ, ಹೆಚ್ಚೆಂದರೆ ಒಂದು ಗಂಟೆಯೊಳಗೆ, ಫ್ರಿಜ್‌ಗೆ ಸೇರಿಸಬೇಕು. ಅದರೊಳಗೆ 5 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಅಕ್ಕಿಯಲ್ಲಿ ಇರಬಹುದಾದ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಯುವ ನೀರಿನಲ್ಲೂ ಬದುಕಿ ಉಳಿಯಬಲ್ಲವು. ಅನ್ನ ಬೆಚ್ಚಗಿದ್ದಷ್ಟು ಹೊತ್ತು ಅವು ಮೊಳೆತು, ಬೆಳೆದು, ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಕೋಳಿಯನ್ನು ಒಳಗೆಲ್ಲ 74 ಡಿಗ್ರಿ ಮುಟ್ಟುವಂತೆ ಬೇಯಿಸಿದ್ದರೂ ಹೊರಗೆ ಹೆಚ್ಚು ಹೊತ್ತು ಬಿಡುವ ಹಾಗಿಲ್ಲ. ‘ಆರಿಸು’ ಎಂಬ ಮಾತಿನಲ್ಲಿ ನಿಧಾನ ಇದೆ. ಇಲ್ಲಿ ಬೇಕಾದದ್ದು ಅವಸರ.

ಮೇಲಾಗಿ ‘ಅಕ್ಕಿ ಆರಿಸಿ’ ಎಂದರೆ ಕಲ್ಲು ಹೆಕ್ಕುವುದು, ‘ಅನ್ನ ಆರಿಸಿ’ ಎಂದರೆ ಬಿಸಿ ಕಳೆಯುವುದು. ಬಿಸಿ ಕಳೆಯುವ ‘ಆರು’ ಹಳಗನ್ನಡದಲ್ಲಿ ಶಕಟರೇಫ ಎಂಬ ಹಳೆಯ ‘ಱ’ ಅಕ್ಷರದ ‘ಆಱು’ ಆಗಿತ್ತು. ಆ ಅಕ್ಷರ ಹೋದ ಮೇಲೆ ಬರಹ ನೋಡಿ ಬೇರೆ ಮಾಡುವುದು ಸಾಧ್ಯವಿಲ್ಲ.

ಬದಲಿಗೆ ಏನು? ‘ತಣಿಸು’ ನನಗೆ ತುಂಬ ಇಷ್ಟ. ತಣ್ಣೀರು, ತಂಗಾಳಿ, ತಂಪು ಎಲ್ಲದರಲ್ಲೂ ಇರುವ ‘ತಣ್’ ಎಂಬ ಮೂಲವೇ ಅದರಲ್ಲೂ ಇದೆ. ಆದರೆ ಈಗ ನಾವು ತಣಿಸುವುದು ಬಾಯಾರಿಕೆಯನ್ನು, ಮನಸ್ಸನ್ನು. ತಣ್ ಮತ್ತು ಕೂಳು ಸೇರಿ ಆದ ‘ತಂಗಳು’ ಅಕ್ಷರಶಃ ತಣ್ಣನೆಯ ಅನ್ನವೇ. ಬಳಕೆಯಲ್ಲಿ ಮಾತ್ರ ಅದು ನಿನ್ನೆ ಉಳಿದದ್ದು. ‘ಶೈತ್ಯೀಕರಿಸು’ ಗೋದಾಮಿನ ಮಾತು, ಅಡುಗೆಮನೆಗೆ ಹೊಂದದು. ತಂಪು, ಚಳಿ ಎಂಬರ್ಥದ ಹಳಗನ್ನಡದ ‘ಕುಳಿರ್’ನಿಂದ ‘ಕುಳಿರಿಸು’ ಮಾಡಿಕೊಳ್ಳೋಣವೆಂದರೆ ಓದುವವರು ಅದನ್ನು ‘ಕುಳ್ಳಿರಿಸು’ ಎಂದೇ ತಿಳಿಯುತ್ತಾರೆ.

ಸದ್ಯಕ್ಕೆ ‘ಹರಡಿ ಹಬೆ ಹೋಗಲು ಬಿಡಿ, ಕೂಡಲೇ ಮುಚ್ಚಿ ಫ್ರಿಜ್‌ನಲ್ಲಿಟ್ಟು ತಣ್ಣಗಾಗಿಸಿ’ ಎಂದು ತಿದ್ದಿದ್ದೇನೆ. ಅಪಾಯವಿಲ್ಲ, ಆದರೆ ಉದ್ದ. ಬಿಸಿ ಇಳಿಸುವುದಕ್ಕೂ ಕೊರೆಯುವಷ್ಟು ತಂಪು ಮಾಡುವುದಕ್ಕೂ ನಿಮ್ಮ ಮನೆಮಾತಿನಲ್ಲಿ ಬೇರೆ ಬೇರೆ ಕ್ರಿಯಾಪದ ಇದೆಯೇ?

ಇನ್ನೊಂದು ಮಾತು. ತಂಪಿನಲ್ಲಿ ಅನ್ನದ ಪಿಷ್ಟ ಮತ್ತೆ ಬಿಗಿದುಕೊಂಡು ಅಗುಳು ಉದುರುದುರಾಗಿ, ಹಲ್ಲಿಗೆ ತುಸು ಬಿರುಸಾಗಿ ಸಿಗುತ್ತದೆ. ಮಸಾಲೆ, ನಿಂಬೆರಸ ಹಾಕಿ ಕಲಸಿದರೂ ಮುದ್ದೆಯಾಗದೆ ಇರುವುದು ಇದರಿಂದಲೇ. ಅದನ್ನು ‘ಗಟ್ಟಿ’ ಎಂದರೆ ಬೇಯದ ಅನ್ನ ಎನಿಸುತ್ತದೆ. ‘ಬಿರುಸು’ ಒಪ್ಪುತ್ತದೆಯೇ, ಇದಕ್ಕಿಂತ ಹತ್ತಿರದ ಪದ ಯಾರ ಬಾಯಲ್ಲಾದರೂ ಇದೆಯೇ?