ಎಫ್ಟೆಲಿಂಗ್‌ನಲ್ಲಿ ಅತ್ತೆ ಮಾವ, ಇಬ್ಬರು ಮಕ್ಕಳು, ಒಂದೇ ದಿನ: ಯಾವ ಏರಿಯಾದಿಂದ ಶುರು ಮಾಡೋದು?

ಐಂಡ್‌ಹೋವನ್ ಸೊಸೆ:
ಎಲ್ಲರಿಗೂ ನಮಸ್ಕಾರ. ಮೈಸೂರಿಂದ ಅತ್ತೆ ಮಾವ ಬಂದಿದಾರೆ, ನವೆಂಬರ್ ಮೊದಲನೇ ವಾರ ಎಲ್ಲರೂ ಸೇರಿ ಇಲ್ಲೇ ನೆದರ್‌ಲ್ಯಾಂಡ್ಸ್‌ನ ಕಾಟ್ಸ್‌ಹೋವೆಲ್‌ನಲ್ಲಿರೋ ಎಫ್ಟೆಲಿಂಗ್ ಥೀಮ್ ಪಾರ್ಕ್‌ಗೆ ಹೋಗೋಣ ಅಂತಿದೀವಿ. ಮಗಳಿಗೆ ಹತ್ತು ವರ್ಷ, ಎತ್ತರ 130 ಸೆಂ.ಮೀ., ಅವಳಿಗೆ ರೋಲರ್ ಕೋಸ್ಟರ್ ಬಿಟ್ರೆ ಬೇರೇನೂ ಬೇಡ. ಮಗನಿಗೆ ಐದು, ಕತ್ತಲೆ ಅಂದ್ರೆ ಹೆದರ್ತಾನೆ. ಅತ್ತೆಗೆ ಮಂಡಿನೋವು, ಅರ್ಧ ಗಂಟೆ ನಡೆದ್ರೆ ಎಲ್ಲಾದ್ರೂ ಕೂರ್ಲೇಬೇಕು. ಮ್ಯಾಪ್ ನೋಡಿದ್ರೆ ಮಾರೆರೈಕ್, ರೈಜನ್‌ರೈಕ್, ರೌಖ್‌ರೈಕ್, ಆಂಡರ್‌ರೈಕ್, ಫ್ಯಾಂಟಸಿರೈಕ್ ಅಂತ ಐದು ಭಾಗ ಇದೆ, ಒಂದೇ ದಿನದಲ್ಲಿ ಆಗೋ ಮಾತಾ ಇದು? ವಯಸ್ಸಾದವರಿಗೆ ಅಲ್ಲಿ ನೋಡೋಕೆ ಏನಾದ್ರೂ ಇದೆಯಾ ಅಥವಾ ಅವರು ಬೆಂಚ್ ಮೇಲೆ ಕೂತು ಬ್ಯಾಗ್ ಕಾಯೋದೇ ಆಗುತ್ತಾ?

ಟಿಲ್ಬರ್ಗ್ ವಾಸಿ:
ಅಕ್ಕ, ಬ್ಯಾಗ್ ಕಾಯೋ ಮಾತೇ ಇಲ್ಲ, ಅತ್ತೆ ಮಾವಂಗೆ ಮಕ್ಕಳಿಗಿಂತ ಜಾಸ್ತಿ ಇಷ್ಟ ಆಗುತ್ತೆ ನೋಡಿ. ಈ ಪಾರ್ಕಿನ ಜೀವ ಇರೋದು ಮಾರೆರೈಕ್‌ನಲ್ಲಿರೋ ಕಥೆಗಳ ಕಾಡಲ್ಲಿ. 1952ರಲ್ಲಿ ಹತ್ತು ಕಥೆಗಳ ಜೊತೆ ಶುರುವಾಯ್ತು, ಚಿತ್ರ ಬರೆದು ರೂಪ ಕೊಟ್ಟಿದ್ದು ಆಂಟನ್ ಪೀಕ್ ಅನ್ನೋ ಕಲಾವಿದರು, ಗೊಂಬೆಗಳು ಅಲ್ಲಾಡೋ ಹಾಗೆ ಮಾಡಿದ್ದು ಪೀಟರ್ ರೈಂಡರ್ಸ್. ಪೈಥಾನ್ ಅನ್ನೋ ದೊಡ್ಡ ಕೋಸ್ಟರ್ ಬಂದಿದ್ದು 1981ರಲ್ಲಿ, ಅಂದ್ರೆ ಸುಮಾರು ಮೂವತ್ತು ವರ್ಷ ಜನ ಮುಖ್ಯವಾಗಿ ಈ ಕಾಡು ನೋಡೋಕೇ ಬರ್ತಿದ್ರು. ನಿಜವಾದ ಮರಗಳ ನಡುವೆ ಸಣ್ಣ ದಾರಿ, ತಿರುವಿಗೊಂದು ಕಥೆ, ಒಂದು ಕಡೆ ಲಾಂಗ್‌ನೆಕ್ ಅನ್ನೋನು ಕೂತಲ್ಲೇ ಕತ್ತು ಮೇಲಕ್ಕೆ ಉದ್ದ ಮಾಡ್ತಾನೆ, ಇನ್ನೊಂದು ಕಡೆ ಅರಮನೆಯೊಳಗೆ ರಾಜಕುಮಾರಿ ಮಲಗಿದಾಳೆ ಉಸಿರಾಡೋದೂ ಕಾಣುತ್ತೆ. ಡಚ್ ಬರದಿದ್ರೂ ತೊಂದರೆ ಇಲ್ಲ, ನೋಡಿದ್ರೇ ಅರ್ಥ ಆಗುತ್ತೆ.

ಇಂಡಿಯನ್ ವಾಟರ್ ಲಿಲೀಸ್ ಮಿಸ್ ಮಾಡ್ಬೇಡಿ. ಬೆಲ್ಜಿಯಂ ರಾಣಿ ಫ್ಯಾಬಿಯೋಲಾ ಬರೆದ ಕಥೆ, 1966ರಿಂದ ಇದೆ. ಗುಹೆ ಥರದ ಜಾಗ, ಕೊಳದಲ್ಲಿ ಹೂ ಅರಳಿ ಅದರ ಮೇಲೆ ಯಕ್ಷಿಣಿಯರು ಕುಣೀತಾರೆ, ಕಪ್ಪೆ ಬಾತುಗಳೇ ವಾದ್ಯ ನುಡಿಸ್ತವೆ. ನಮ್ಮಮ್ಮ ಅಲ್ಲಿಂದ ಕದಲ್ಲೇ ಇಲ್ಲ, ಇನ್ನೊಂದ್ಸಲ ನೋಡಿ ಬರ್ತೀನಿ ನೀವು ಮುಂದೆ ಹೋಗಿ ಅಂದ್ರು.

ನಿಮ್ಮ ಮಗನಿಗೆ ಹೋಲೆ ಬೋಲೆ ಖೈಸ್ ತೋರಿಸಿ. ದಪ್ಪ ಹೊಟ್ಟೆಯ ಗೊಂಬೆ, ಬಾಯಿ ತೆಗೆದು ಪೇಪರ್ ಇಲ್ಲಿ ಹಾಕಿ ಅಂತ ಕೂಗ್ತಾ ಇರ್ತಾನೆ, ಕಸ ಹಿಡಿದ್ರೆ ಎಳ್ಕೊಂಡು ಥ್ಯಾಂಕ್ಸ್ ಹೇಳ್ತಾನೆ. ಮಕ್ಕಳು ಕಸ ಹುಡ್ಕೊಂಡು ಬಂದು ಹಾಕ್ತಾರೆ. ನೆಲದ ಮೇಲೆ ಒಂದು ಚೂರು ಕಾಗದ ಯಾಕೆ ಕಾಣಲ್ಲ ಅಂತ ಆಗ ಗೊತ್ತಾಗುತ್ತೆ. ನಮ್ಮೂರ ಪಾರ್ಕುಗಳಲ್ಲೂ ಇಂಥದ್ದೊಂದು ಇರ್ಬೇಕು ಅಂತ ನಂಗೆ ತುಂಬಾ ಆಸೆ. ಹಾಗಾಗಿ ಬೆಳಿಗ್ಗೆ ಮೊದಲು ಕಾಡು, ಆಮೇಲೆ ಬೇರೆಲ್ಲಾ.

ಕೋಸ್ಟರ್ ಪ್ರಿಯ:
ಮೇಲಿನವರು ಕಾಡಿನ ಬಗ್ಗೆ ಹೇಳಿದ್ದೆಲ್ಲ ಒಪ್ತೀನಿ, ಬೆಳಿಗ್ಗೆ ಮೊದಲು ಅನ್ನೋದು ಮಾತ್ರ ಒಪ್ಪಲ್ಲ. ಕಾಡಲ್ಲಿ ಹೆಚ್ಚುಕಮ್ಮಿ ಕ್ಯೂನೇ ಇರಲ್ಲ, ಯಾವಾಗ ಹೋದ್ರೂ ನಡೆಯುತ್ತೆ, ಆದ್ರೆ ರೌಖ್‌ರೈಕ್‌ನ ರೈಡ್‌ಗಳಿಗೆ ಮಧ್ಯಾಹ್ನದ ಹೊತ್ತಿಗೆ ಲೈನ್ ಬೆಳೆದುಬಿಡುತ್ತೆ. ಗೇಟ್ ತೆಗೆದ ತಕ್ಷಣ ಮಗಳನ್ನ ಕರ್ಕೊಂಡು ಅಲ್ಲಿಗೆ ನಡೀರಿ. ಯೋರಿಸ್ ಮತ್ತು ಡ್ರ್ಯಾಗನ್ ಮರದ ಕೋಸ್ಟರ್, ಎರಡು ಹಳಿ, ಬೆಂಕಿ ಒಂದು ನೀರು ಒಂದು, ಎರಡು ಟ್ರೈನ್ ರೇಸ್ ಮಾಡ್ತವೆ, 110 ಸೆಂ.ಮೀ. ಇದ್ರೆ ಸಾಕು. ಪೈಥಾನ್, ಫ್ಲೈಯಿಂಗ್ ಡಚ್‌ಮನ್ ಎರಡಕ್ಕೂ 120. ಬ್ಯಾರನ್ 1898ಕ್ಕೆ ಮಾತ್ರ 132 ಬೇಕು, 37.5 ಮೀಟರ್ ಮೇಲಿಂದ ನೆಟ್ಟಗೆ ಗಣಿಯ ಗುಂಡಿಯೊಳಗೆ ಬೀಳೋ ರೈಡ್ ಅದು. ಎರಡು ಸೆಂ.ಮೀ. ತಾನೇ ಅಂತ ಬಿಡಲ್ಲ, ಅಳತೆ ನೋಡ್ತಾರೆ, ಬಿಡಬಾರದು ಕೂಡ. ಅದಕ್ಕೆ ಮಗಳಿಗೆ ಮನೆಯಲ್ಲೇ ಹೇಳಿ ಕರ್ಕೊಂಡ್ಹೋಗಿ, ಅಲ್ಲಿ ಹೋಗಿ ನಿಂತ ಮೇಲೆ ಬೇಡ ಅನ್ನಿಸ್ಕೊಂಡ್ರೆ ಮಗು ಮನಸ್ಸು ದಿನವಿಡೀ ಸರಿ ಇರಲ್ಲ. ವೇಟಿಂಗ್ ಟೈಮ್ ಎಲ್ಲಾ ಅವರ ಆ್ಯಪ್‌ನಲ್ಲೇ ಬರುತ್ತೆ.

ಡೆನ್ ಬಾಸ್ ಅಜ್ಜಿ:
ನಾನು ಮೊಮ್ಮಕ್ಕಳ ಜೊತೆ ಹೋಗೋಳು, ನನಗೂ ಮಂಡಿನೋವೇ. ಎಲ್ಲರೂ ಒಟ್ಟಿಗೇ ಇರ್ಬೇಕು ಅಂತ ಹಟ ಬೇಡಮ್ಮ. ಬೆಳಿಗ್ಗೆ ನಿಮ್ಮ ಯಜಮಾನರು ಮಗಳ ಜೊತೆ ರೌಖ್‌ರೈಕ್‌ಗೆ ಹೋಗ್ಲಿ, ನೀವು ಅತ್ತೆ ಮಾವ ಚಿಕ್ಕವನ್ನ ಕರ್ಕೊಂಡು ಡ್ರೋಮ್‌ಫ್ಲುಖ್ಟ್‌ಗೆ ಹೋಗಿ, ಮಾರೆರೈಕ್‌ನಲ್ಲೇ ಇದೆ. ತೂಗಾಡೋ ಗಾಡಿಯಲ್ಲಿ ಕೂತು ಯಕ್ಷಿಣಿಯರ ಲೋಕದೊಳಗೆ ಹೋಗೋದು, ಒಳಗೆ ಮಬ್ಬು ಇದೆ ಆದ್ರೆ ಹೆದರಿಸೋದು ಏನಿಲ್ಲ, ನಿಮ್ಮ ತೊಡೆಗೆ ಅಂಟಿಕೊಂಡು ಕೂತ್ರೆ ಸಾಕು. ಅಲ್ಲಿಂದ ಸ್ಟೀಮ್ ಟ್ರೈನ್ ಹತ್ತಿದ್ರೆ ರೌಖ್‌ರೈಕ್ ಸ್ಟೇಷನ್‌ನಲ್ಲಿ ಇಳೀಬಹುದು, ನಡೆಯೋದೂ ತಪ್ಪುತ್ತೆ, ಪಾರ್ಕೂ ನೋಡಿದಂಗಾಗುತ್ತೆ. ವೀಲ್‌ಚೇರ್ ಬಾಡಿಗೆಗೆ ಸಿಗುತ್ತೆ, ಅತ್ತೆಯವರು ಸಂಕೋಚ ಪಟ್ರೂ ತಗೊಳ್ಳಿ, ಸಂಜೆ ಹೊತ್ತಿಗೆ ಅವರೇ ಒಳ್ಳೇದಾಯ್ತು ಅಂತಾರೆ.

ಮಧ್ಯಾಹ್ನ ಎಲ್ಲರೂ ಸೇರಿ ಸಿಂಬೋಲಿಕಾ. 2017ರಲ್ಲಿ ಬಂದಿರೋ ಅರಮನೆ, ಪಾರ್ಕಿನ ಮಧ್ಯದಲ್ಲೇ ಇದೆ, ಎತ್ತರದ ಲೆಕ್ಕ ಇಲ್ಲ, ಚಿಕ್ಕವನಿಂದ ಮಾವನವರೆಗೂ ಒಂದೇ ಗಾಡಿಯಲ್ಲಿ ಕೂರಬಹುದು. ರೈಜನ್‌ರೈಕ್‌ನಲ್ಲಿ ಪಗೋಡ ಇದೆ, ಕೂತ್ಕೊಂಡೇ 45 ಮೀಟರ್ ಮೇಲೆ ಹೋಗಿ ಸುತ್ತಲೂ ನೋಡೋದು.

ಊಟ ಮನೆಯಿಂದ ತಗೊಂಡ್ಹೋಗಬಹುದು, ಪುಳಿಯೋಗರೆ, ಚಪಾತಿ, ಒಂದು ಫ್ಲಾಸ್ಕ್ ಕಾಫಿ. ಅಲ್ಲಿ ಪ್ಯಾನ್‌ಕೇಕ್ ತುಂಬಾ ಫೇಮಸ್ಸು, ಆದ್ರೆ ಹಿಟ್ಟಿಗೆ ಮೊಟ್ಟೆ ಹಾಕಿರ್ತಾರೆ, ಅತ್ತೆ ಮಾವ ತಿನ್ನದಿದ್ರೆ ಮೊದಲೇ ಕೇಳಿ.

ಟಿಲ್ಬರ್ಗ್ ವಾಸಿ:
ಅಮ್ಮ ಹೇಳಿದ್ದೇ ಸರಿಯಾದ ಪ್ಲಾನ್. ನವೆಂಬರ್ ಅಂದ್ರೆ ಐದು ಗಂಟೆಗೆಲ್ಲ ಕತ್ತಲಾಗುತ್ತೆ ಅನ್ನೋದು ನಾನು ಯೋಚನೆ ಮಾಡಿರ್ಲಿಲ್ಲ, ಹಾಗಾದ್ರೆ ಕಾಡನ್ನ ನಾಲ್ಕರ ಮೇಲೆ ಇಟ್ಕೊಳ್ಳಿ, ದೀಪ ಹಚ್ಚಿದ ಮೇಲೆ ಆ ಮನೆಗಳು ಕಾಣೋ ಚೆಂದವೇ ಬೇರೆ. ಆಮೇಲೆ ಕೊಳದ ಹತ್ರ ಅಕ್ವಾನುರಾ, ನೀರು ಬೆಂಕಿ ಸಂಗೀತದ ಶೋ. ಟೈಮ್ ಮಾತ್ರ ಆವತ್ತೇ ಆ್ಯಪ್‌ನಲ್ಲಿ ನೋಡ್ಕೊಳ್ಳಿ.

ಐಂಡ್‌ಹೋವನ್ ಸೊಸೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಮಾವ ಪಕ್ಕದಲ್ಲೇ ಕೂತು ಓದಿಸಿ ಕೇಳಿದ್ರು, ಸ್ಟೀಮ್ ಟ್ರೈನ್ ಅಂದ ತಕ್ಷಣ ಖುಷಿಯಾಗಿದಾರೆ. ಕೊನೇ ಪ್ರಶ್ನೆ, ಮಗಳು ಡಾನ್ಸ್ ಮಕಾಬ್ರ ಅನ್ನೋ ಭೂತದ ರೈಡ್ ಬೇಕು ಅಂತಿದಾಳೆ, ಹೋಗಬಹುದಾ?

ಕೋಸ್ಟರ್ ಪ್ರಿಯ:
ಖಂಡಿತ, 120 ಸಾಕು. ಹಳೇ ಸ್ಪೂಕ್‌ಸ್ಲಾಟ್ ಅಂದ್ರೆ ಭೂತಬಂಗಲೆ ತೆಗೆದು 2024ರಲ್ಲಿ ಮಾಡಿದ್ದು, ಆಂಡರ್‌ರೈಕ್‌ನಲ್ಲಿದೆ, ಸಂಗೀತ ಫ್ರೆಂಚ್ ಸಂಗೀತಕಾರ ಸ್ಯಾಂ-ಸಾನ್ಸ್ ಅವರದ್ದು. ಕತ್ತಲೆ ಜಾಸ್ತಿ, ಚಿಕ್ಕವನು ಅಜ್ಜಿ ತಾತನ ಜೊತೆ ಹೊರಗಿರ್ಲಿ. ಅಷ್ಟರಲ್ಲಿ ಅವರು ಅದೇ ಭಾಗದಲ್ಲಿರೋ ಫಾಟಾ ಮಾರ್ಗಾನಾ ದೋಣಿ ಕಡೆ ಹೋಗ್ತಾ ಇರಬಹುದು, ಆಮೇಲೆ ನೀವೂ ಹೋಗಿ ಸೇರ್ಕೊಳ್ಳಿ.