ದ್ವೀಪಕ್ಕೆ ಹೊರಟ ಜೋಡಿಗಳ ಪ್ರಶ್ನೋತ್ತರ: ಡೈವಿಂಗ್ ಡಾಕ್ಟರ್ ಜೊತೆ

ಅಡ್ಮಿನ್: ಈ ವಾರ ಡೈವಿಂಗ್ ಮೆಡಿಸಿನ್ ಡಾಕ್ಟರ್ ಒಬ್ಬರು ನಮ್ಮ ಜೊತೆ ಇದ್ದಾರೆ. ದ್ವೀಪದಲ್ಲಿ ಇಬ್ಬರೂ ಸೇರಿ ಏನೇನು ಮಾಡಬಹುದು, ಯಾವ ದಿನ ಮಾಡಬೇಕು, ಯಾವುದು ಬೇಡ, ಎಲ್ಲ ಕೇಳಿ. ಕೇಳುವ ಮುಂಚೆ ಮೇಲಿನ ಉತ್ತರ ಓದಿ. ಮನೆಮದ್ದಿನ ಫಾರ್ವರ್ಡ್ ದಯವಿಟ್ಟು ಹಾಕಬೇಡಿ.

ನೀಲಿಛತ್ರಿ: ನಮಸ್ತೆ ಡಾಕ್ಟರೇ. ಫೆಬ್ರವರಿಯಲ್ಲಿ ನಾನು, ನನ್ನ ಗಂಡ ಹವಾಯಿಯ ಮಾವಿ ದ್ವೀಪಕ್ಕೆ ಹೋಗುತ್ತಿದ್ದೇವೆ. ಒಟ್ಟು ಆರು ದಿನ. ಮೊದಲ ದಿನ ವಿಶ್ರಾಂತಿ. ಎರಡನೇ ದಿನ ತಿಮಿಂಗಿಲ ನೋಡುವ ದೋಣಿ. ಮೂರನೇ ದಿನ ಹಾನಾ ಊರಿಗೆ ಹೋಗುವ ಕಡಲತೀರದ ರಸ್ತೆ. ನಾಲ್ಕನೇ ದಿನ ಮೊಲೊಕಿನಿ ಅನ್ನೋ ಪುಟ್ಟ ದ್ವೀಪದ ಬಳಿ ಸ್ನಾರ್ಕೆಲಿಂಗ್ (ಕೊಳವೆಯಲ್ಲಿ ಉಸಿರಾಡುತ್ತಾ ನೀರಿನ ಮೇಲೆ ತೇಲುವುದು). ಐದನೇ ದಿನ ಬೆಳಿಗ್ಗೆ ಎರಡು ಸ್ಕೂಬಾ ಡೈವ್ (ಗಾಳಿಯ ಸಿಲಿಂಡರ್ ಹೊತ್ತು ಆಳಕ್ಕೆ ಇಳಿಯುವುದು), ಸಂಜೆ ಹಾಲೇಯಾಕಲಾ ಬೆಟ್ಟದ ತುದಿಯಲ್ಲಿ ಸೂರ್ಯಾಸ್ತ. ಆರನೇ ದಿನ ಬೆಳಿಗ್ಗೆ ಇನ್ನೊಂದು ಡೈವ್, ರಾತ್ರಿ ವಿಮಾನ. ಇಬ್ಬರಿಗೂ ಡೈವಿಂಗ್ ಸರ್ಟಿಫಿಕೇಟ್ ಇದೆ. ಗಂಡನಿಗೆ ಚಿಕ್ಕಂದಿನಲ್ಲಿ ಆಸ್ತಮಾ ಇತ್ತು, ಈಗಿಲ್ಲ. ಇದರಲ್ಲಿ ಇನ್ನೇನಾದರೂ ಸೇರಿಸಬಹುದಾ?

ಡಾಕ್ಟರ್: ಸೇರಿಸುವುದು ಆಮೇಲೆ. ಮೊದಲು ಈ ಪ್ಲಾನ್ ತಲೆಕೆಳಗು ಮಾಡಬೇಕು. ನೀವು ಬರೆದ ಐದನೇ ದಿನ ಓದಿ ನನಗೆ ನಿಜವಾಗಿಯೂ ಭಯವಾಯಿತು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಾಗಲೂ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ನೈಟ್ರೋಜನ್ ರಕ್ತದಲ್ಲಿ, ಕೊಬ್ಬಿನಲ್ಲಿ, ಕೀಲುಗಳಲ್ಲಿ ಕರಗಿ ಕೂರುತ್ತದೆ. ಮೇಲೆ ಬಂದ ತಕ್ಷಣ ಅದು ಖಾಲಿ ಆಗುವುದಿಲ್ಲ. ಗಂಟೆಗಟ್ಟಲೆ ನಿಧಾನವಾಗಿ ಉಸಿರಿನ ಮೂಲಕ ಹೊರಗೆ ಹೋಗುತ್ತದೆ. ಅಷ್ಟರೊಳಗೆ ನೀವು ಒತ್ತಡ ಕಡಿಮೆ ಇರುವ ಎತ್ತರಕ್ಕೆ ಹೋದರೆ ಅದೇ ನೈಟ್ರೋಜನ್ ಗುಳ್ಳೆಯಾಗುತ್ತದೆ. ಕೀಲು ನೋವು, ಕೈಕಾಲು ಜುಮ್ಮೆನ್ನುವುದು, ಚರ್ಮದ ಮೇಲೆ ಮಚ್ಚೆ, ವಿಪರೀತ ಸುಸ್ತು, ಕೆಲವರಿಗೆ ಕಾಲಿನ ಬಲವೇ ಹೋಗುವುದು, ಎಲ್ಲ ಇದರಿಂದಲೇ.

ಡೈವ್ ಆದ ಮೇಲೆ ವಿಮಾನ ಹತ್ತಬಾರದು ಅಂತ ಎಲ್ಲರಿಗೂ ಗೊತ್ತು. ಬೆಟ್ಟ ಯಾರಿಗೂ ನೆನಪಾಗುವುದಿಲ್ಲ. ವಿಮಾನದ ಒಳಗಿನ ಒತ್ತಡ ಹೆಚ್ಚೆಂದರೆ 2,400 ಮೀಟರ್ ಎತ್ತರದಲ್ಲಿ ನಿಂತಷ್ಟು. ಹಾಲೇಯಾಕಲಾ ತುದಿ 3,055 ಮೀಟರ್. ಅಂದರೆ ಆ ಕಾರು ಪ್ರಯಾಣ ವಿಮಾನಕ್ಕಿಂತ ಕೆಟ್ಟದ್ದು. ಸಮುದ್ರದ ದಡದಿಂದ ಎರಡು ಗಂಟೆ ಆಸುಪಾಸಿನಲ್ಲಿ ಅಲ್ಲಿಗೆ ತಲುಪಿಬಿಡುತ್ತೀರಿ. ಅಲ್ಲಿನ ಗಾಳಿಯ ಒತ್ತಡ ದಡದ ಸುಮಾರು 70% ಮಾತ್ರ. ಬೆಳಿಗ್ಗೆ ಎರಡು ಡೈವ್, ಸಂಜೆ ಆ ತುದಿ. ಬೇಡ. ಖಂಡಿತ ಬೇಡ.

ಈಗ ಕಾಯುವ ಲೆಕ್ಕ. ಒಂದೇ ಡೈವ್ ಮಾಡಿದ್ದರೆ ಕನಿಷ್ಠ 12 ಗಂಟೆ. ಒಂದಕ್ಕಿಂತ ಜಾಸ್ತಿ ಡೈವ್ ಅಥವಾ ಸತತ ದಿನಗಳ ಡೈವ್ ಆದರೆ ಕನಿಷ್ಠ 18 ಗಂಟೆ. ನಾನು ರಜೆಗೆ ಹೋಗುವವರಿಗೆ ಪೂರ್ತಿ 24 ಗಂಟೆ ಹೇಳುತ್ತೇನೆ. ಇದು ವಿಮಾನಕ್ಕೆ. ಎತ್ತರದ ಬೆಟ್ಟಕ್ಕೆ, ಹೆಲಿಕಾಪ್ಟರಿಗೆ ಕೂಡ ಇಷ್ಟಾದರೂ ಕಾಯಬೇಕು.

ಹಾಗಾಗಿ ಎತ್ತರ ಮೊದಲು, ಆಳ ನಡುವೆ, ಕೊನೆಗೆ ನೀರಿನ ಮೇಲೆಯೇ ಇರುವ ಕೆಲಸ. ಎರಡನೇ ದಿನ ಬೆಟ್ಟ. ಸೂರ್ಯೋದಯ ನೋಡುವುದಾದರೆ ವಾಹನಕ್ಕೆ ಮೊದಲೇ ಬುಕಿಂಗ್ ಬೇಕು. ದಪ್ಪ ಜಾಕೆಟ್ ಇಟ್ಟುಕೊಳ್ಳಿ, ಮೇಲೆ ನಡುಗಿಸುವ ಚಳಿ. ಮೂರನೇ ದಿನ ಎರಡು ಡೈವ್. ನಾಲ್ಕನೇ ದಿನ ಬೆಳಿಗ್ಗೆ ಮೊಲೊಕಿನಿ, ಬೇಕಾದರೆ ಮೂರನೇ ಡೈವ್ ಅಲ್ಲೇ. ಐದನೇ ದಿನ ಹಾನಾ. ಆ ರಸ್ತೆಯಲ್ಲಿ ತಿರುವುಗಳೇ ನೂರಾರು, ಸುಸ್ತಾಗಿದ್ದಾಗ ಓಡಿಸಬೇಡಿ. ಆರನೇ ದಿನ ತಿಮಿಂಗಿಲದ ದೋಣಿ, ರಾತ್ರಿ ವಿಮಾನ. ಏನೂ ಬಿಟ್ಟಿಲ್ಲ, ಅಲ್ವಾ? ಫೆಬ್ರವರಿಯಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲಗಳು ಅಲ್ಲಿ ತುಂಬ ಇರುತ್ತವೆ. ಅದೃಷ್ಟ ಇದ್ದರೆ ಡೈವ್ ಮಾಡುವಾಗ ಅವುಗಳ ಹಾಡು ನೀರೊಳಗೇ ಕೇಳುತ್ತದೆ. ದೊಡ್ಡ ಗಂಡು ತಿಮಿಂಗಿಲ ಹತ್ತಿರದಲ್ಲಿ ಹಾಡಿದರೆ ಎದೆಗೂಡು ಅದುರುತ್ತದೆ. ಆ ಒಂದು ಕಾರಣಕ್ಕೆ ಫೆಬ್ರವರಿ ಡೈವ್ ಬಿಡಬೇಡಿ ಅಂತ ನಾನೇ ಹೇಳುತ್ತೇನೆ.

ಆದರೆ ನಿಮ್ಮ ಗಂಡನ ಆಸ್ತಮಾ. 'ಈಗಿಲ್ಲ' ಅಂದರೆ ಏನು? ಕೊನೆಯ ಸಲ ಇನ್ಹೇಲರ್ ಬಳಸಿದ್ದು ಯಾವಾಗ? ಓಡಿದರೆ, ಚಳಿಗೆ, ಎದೆಯಲ್ಲಿ ಸೀಟಿ ಶಬ್ದ ಬರುತ್ತದಾ? ಇದಕ್ಕೆ ಉತ್ತರ ಬರೆಯಿರಿ.

ಮುಂಗಾರು: ನಮ್ಮಿಬ್ಬರಿಗೂ ಈಜು ಬರಲ್ಲ. ಟ್ರಯಲ್ ಡೈವ್ ಮಾಡಬಹುದಾ?

ಡಾಕ್ಟರ್: ಕೆಲವು ಕಡೆ ಈಜು ಬರದವರನ್ನೂ ಬೋಧಕರ ಜೊತೆ ಇಳಿಸುತ್ತಾರೆ. ಟ್ರಯಲ್‌ನಲ್ಲಿ ಹೆಚ್ಚೆಂದರೆ 12 ಮೀಟರ್. ನನ್ನ ಸಲಹೆ, ಮೊದಲು ಈಜು ಕಲಿಯಿರಿ. ನೀರಿನ ಭಯ ಇರುವವರು ಗಾಬರಿಯಾದಾಗ ಉಸಿರು ಬಿಗಿಹಿಡಿದು ಮೇಲಕ್ಕೆ ಚಿಮ್ಮುತ್ತಾರೆ. ಒಳಗೆ ಸಿಕ್ಕಿದ ಗಾಳಿ ಹಿಗ್ಗಿ ಶ್ವಾಸಕೋಶವೇ ಹರಿದುಹೋಗಬಹುದು. ಎರಡು ಮೀಟರಿಗಿಂತ ಕಡಿಮೆ ಆಳದಿಂದ ಬಂದರೂ ಹೀಗೆ ಆಗುತ್ತದೆ. ಸ್ಕೂಬಾದಲ್ಲಿ ಉಸಿರು ಎಂದೂ ಹಿಡಿಯಬಾರದು.

ಸಕ್ಕರೆಬಿಲ್ಲೆ: ನನಗೆ ಸ್ವಲ್ಪ ನೆಗಡಿ ಇದೆ. ಮುಂದಿನ ವಾರ ಟ್ರಿಪ್. ಮೂಗು ಕಟ್ಟದ ಮಾತ್ರೆ ತಿಂದು ಡೈವ್ ಮಾಡಿದರೆ ಆಯ್ತಲ್ವಾ? ಇನ್ನೊಂದು ಗ್ರೂಪಲ್ಲಿ ಕಿವಿಗೆ ಬೆಚ್ಚನೆ ಎಣ್ಣೆ ಬಿಟ್ಟರೆ ಒತ್ತಡ ತಟ್ಟಲ್ಲ ಅಂತ ಬಂದಿತ್ತು.

ಡಾಕ್ಟರ್: ಎಣ್ಣೆ ಹೋಗುವುದು ಕಿವಿ ತಮಟೆಯ ಹೊರಗೆ. ಒತ್ತಡದ ತೊಂದರೆ ಇರುವುದು ತಮಟೆಯ ಒಳಗೆ. ಒಳಗಿನ ಜಾಗಕ್ಕೆ ಗಾಳಿ ಹೋಗುವುದು ಮೂಗಿನ ಹಿಂದಿನ ಕೊಳವೆಯಿಂದ, ನೆಗಡಿಯಲ್ಲಿ ಅದೇ ಊದಿಕೊಂಡಿರುತ್ತದೆ. ಎಣ್ಣೆ ಏನು ಮಾಡುತ್ತದೆ ಹೇಳಿ? ಮಾತ್ರೆಯ ಅಪಾಯ ಬೇರೆ. ಕೆಳಗೆ ಇರುವಾಗ ಅದರ ಪ್ರಭಾವ ಇಳಿದರೆ ಒಳಗಿನ ಗಾಳಿ ಮೇಲೆ ಬರುವಾಗ ಹೊರಗೆ ಹೋಗಲು ದಾರಿ ಇರಲ್ಲ. ನೆಗಡಿ ಇದ್ದರೆ ಡೈವ್ ಇಲ್ಲ. ಆ ದಿನ ಕಯಾಕ್ ಹತ್ತಿ, ದಡದಲ್ಲಿ ನಡೆಯಿರಿ. ನೆಗಡಿ ಇಲ್ಲದವರೂ ನೆನಪಿಡಿ: ಮೊದಲ ಕೆಲವು ಮೀಟರ್‌ಗಳಲ್ಲೇ ಕಿವಿಗೆ ಹೆಚ್ಚು ಪೆಟ್ಟು. ನೋವು ಶುರುವಾಗುವ ಮೊದಲೇ, ಅರ್ಧ ಮೀಟರಿಗೊಮ್ಮೆ ಮೂಗು ಹಿಡಿದು ಮೆಲ್ಲಗೆ ಊದಿ ಕಿವಿ ಬಿಡಿಸಿಕೊಳ್ಳಿ.

ಕಡಲಕಾಗೆ: ಇಷ್ಟೆಲ್ಲ ಹೆದರಿಸಬೇಡಿ ಡಾಕ್ಟರೇ. ನಾವು ಬೆಳಿಗ್ಗೆ ಡೈವ್ ಮಾಡಿ ಮಧ್ಯಾಹ್ನ ವಿಮಾನ ಹತ್ತಿದ್ದೇವೆ. ಏನೂ ಆಗಿಲ್ಲ. ಆಸ್ತಮಾ ಇದ್ದರೂ ಡೈವ್ ಅಂಗಡಿಯ ಆರೋಗ್ಯದ ಫಾರ್ಮಲ್ಲಿ ಎಲ್ಲದಕ್ಕೂ 'ಇಲ್ಲ' ಅಂತ ಟಿಕ್ ಹಾಕಿದರೆ ಯಾರೂ ಕೇಳಲ್ಲ.

ಡಾಕ್ಟರ್: ಇದನ್ನು ಇಲ್ಲಿ ಬರೆಯಬೇಡಿ. ಫಾರ್ಮ್ ಇರುವುದು ಅಂಗಡಿಯವರಿಗಾಗಿ ಅಲ್ಲ. ನೀರೊಳಗೆ ನಿಮಗೆ ಏನಾದರೂ ಆದರೆ ಎಳೆದು ತರಬೇಕಾದವರು ಬೋಧಕರು, ಮತ್ತು ಪಕ್ಕದಲ್ಲಿರುವ ನಿಮ್ಮ ಹೆಂಡತಿ. ಅವರಿಗೆ ಸುಳ್ಳು ಹೇಳಿ ಕೆಳಗೆ ಕರೆದುಕೊಂಡು ಹೋಗುತ್ತೀರಾ?

ಹೊಂಗೆಮರ: ಒಬ್ಬರಿಗೆ ಆಗಲಿಲ್ಲ ಅಂದ್ರೆ ನಿಯಮ ತಪ್ಪು ಅಂತಲ್ಲ ಕಡಲಕಾಗೆ. ಹೆಲ್ಮೆಟ್ ಇಲ್ಲದೆ ಮನೆ ತಲುಪಿದವರೂ ಇದ್ದಾರೆ.

ಕಡಲಕಾಗೆ: ನಿಮಗೆ ಸರ್ಟಿಫಿಕೇಟ್ ಇದೆಯಾ? ಇಲ್ಲ ಅಂದ್ರೆ ಸುಮ್ನೆ ಇರಿ.

ಹೊಂಗೆಮರ: ಇದೆ. ಇರದಿದ್ದರೂ ಓದಲು ಬರುತ್ತೆ.

ನೀಲಿಛತ್ರಿ: ಡಾಕ್ಟರೇ, ಅವರನ್ನು ಕೇಳಿದೆ. ಕಳೆದ ಚಳಿಗಾಲ ಎರಡು ಮೂರು ಸಲ ಇನ್ಹೇಲರ್ ತೆಗೆದುಕೊಂಡಿದ್ದಾರಂತೆ. ನನಗೂ ಗೊತ್ತಿರಲಿಲ್ಲ. ಮೆಟ್ಟಿಲು ಜೋರಾಗಿ ಹತ್ತಿದರೆ ಕೆಮ್ಮು ಬರುತ್ತೆ ಅಂತಾರೆ.

ಡಾಕ್ಟರ್: ಕೇಳಿದ್ದು ಒಳ್ಳೆಯದಾಯಿತು. ಇದು 'ಈಗಿಲ್ಲ' ಅಲ್ಲ, ಈಗಲೂ ಇದೆ.

ಸಿಲಿಂಡರಿನ ಗಾಳಿ ಒಣದು, ತಣ್ಣಗಿರುತ್ತದೆ. ಅದರ ಜೊತೆ ಶ್ರಮ, ಬಾಯಿಗೆ ಹೋಗುವ ಉಪ್ಪುನೀರಿನ ಹನಿ, ಗಾಬರಿ. ಆಸ್ತಮಾ ಕೆರಳಲು ಇವು ಸಾಕು. ಉಸಿರಿನ ಸಣ್ಣ ಕೊಳವೆ ಒಂದು ಕಡೆ ಮುಚ್ಚಿಕೊಂಡರೆ ಅದರ ಹಿಂದೆ ಗಾಳಿ ಸಿಕ್ಕಿಬೀಳುತ್ತದೆ. ಮೇಲೆ ಬರುವಾಗ ಆ ಗಾಳಿ ಹಿಗ್ಗುತ್ತದೆ. 10 ಮೀಟರಿನಿಂದ ಮೇಲಕ್ಕೆ ಬಂದರೆ ಎರಡರಷ್ಟು. ಅದು ಶ್ವಾಸಕೋಶ ಹರಿದು ರಕ್ತಕ್ಕೆ ನುಗ್ಗಿದರೆ ಮೆದುಳಿಗೆ ಹೋಗಬಹುದು.

ಆಸ್ತಮಾ ಇದ್ದವರೆಲ್ಲ ಡೈವ್ ಮಾಡಲೇಬಾರದು ಅಂತ ನಾನು ಹೇಳುತ್ತಿಲ್ಲ. ಚೆನ್ನಾಗಿ ಹತೋಟಿಯಲ್ಲಿದ್ದು, ಪರೀಕ್ಷೆ ಸರಿ ಇದ್ದರೆ ಹೋಗುವವರಿದ್ದಾರೆ. ಈಗಲೇ ಶ್ವಾಸಕೋಶದ ಡಾಕ್ಟರ ಹತ್ತಿರ ಹೋಗಿ. ಸ್ಪೈರೋಮೆಟ್ರಿ (ಊದಿಸಿ ಶ್ವಾಸಕೋಶದ ಶಕ್ತಿ ಅಳೆಯುವ ಪರೀಕ್ಷೆ) ಮಾಡಿಸಿ, ವ್ಯಾಯಾಮದ ನಂತರವೂ ಮಾಡಿಸಿ. ಡೈವಿಂಗ್‌ಗೆ ಅಂತ ಬಾಯಿಬಿಟ್ಟು ಹೇಳಿ. ಹೊರಡುವ ಹಿಂದಿನ ವಾರ ಅಲ್ಲ, ಚಿಕಿತ್ಸೆ ಬದಲಾಯಿಸಬೇಕಾದರೆ ಸಮಯ ಬೇಕು. ರಿಪೋರ್ಟ್ ಸರಿ ಇಲ್ಲದಿದ್ದರೆ ಅವರು ಡೈವ್ ಮಾಡಬಾರದು. ಬೆಟ್ಟಕ್ಕೂ ಇನ್ಹೇಲರ್ ಜೇಬಿನಲ್ಲಿರಲಿ, ಅಲ್ಲಿನ ತಣ್ಣನೆ ಗಾಳಿಯೂ ಕೆರಳಿಸುತ್ತದೆ.

ಬೆಳ್ಳಿಚುಕ್ಕಿ: ನಾವು ಮಗುವಿಗಾಗಿ ಪ್ರಯತ್ನ ಮಾಡುತ್ತಿದ್ದೇವೆ. ನಾನು ಡೈವ್ ಮಾಡಬಹುದಾ?

ಡಾಕ್ಟರ್: ಗರ್ಭಿಣಿ ಆಗಿರಬಹುದು ಅನ್ನಿಸಿದರೂ ಸ್ಕೂಬಾ ಬೇಡ. ಮೇಲ್ಮೈಯಲ್ಲಿ ಸ್ನಾರ್ಕೆಲಿಂಗ್ ಆಗಬಹುದು. ಇನ್ನೊಂದು ವಿಷಯ ಯಾರೂ ಕೇಳಲ್ಲ: ಝೀಕಾ, ಸೊಳ್ಳೆಯಿಂದ ಹರಡಿ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡುವ ವೈರಸ್. ಹೋಗುವ ದ್ವೀಪದಲ್ಲಿ ಅದು ಹರಡುತ್ತಿದೆಯಾ ಅಂತ ಮೊದಲು ನೋಡಿ. ಅಂಥ ಕಡೆ ಹೋಗಿ ಬಂದರೆ ಹೆಣ್ಣು 2 ತಿಂಗಳು, ಗಂಡು 3 ತಿಂಗಳು ಕಾದು ಆಮೇಲೆ ಪ್ರಯತ್ನಿಸಬೇಕು. ಗಂಡನ ಲೆಕ್ಕ ಜಾಸ್ತಿ, ಏಕೆಂದರೆ ವೀರ್ಯದಲ್ಲಿ ವೈರಸ್ ಹೆಚ್ಚು ಕಾಲ ಉಳಿಯುತ್ತದೆ.

ಗಾಳಿಪಟ: ಜೆಲ್ಲಿಫಿಶ್ ಕಚ್ಚಿದರೆ ತಕ್ಷಣ ಮೂತ್ರ ಹಾಕಬೇಕು, ಎಲ್ಲರಿಗೂ ಶೇರ್ ಮಾಡಿ 🙏

ಡಾಕ್ಟರ್: ಫಾರ್ವರ್ಡ್ ಬೇಡ ಅಂತ ಮೊದಲನೇ ಸಾಲಲ್ಲೇ ಇದೆ. ಮೂತ್ರದಿಂದ ಉಪಯೋಗ ಇಲ್ಲ, ಉಳಿದ ವಿಷದ ಕೋಶಗಳು ಸಿಡಿದು ಹಾನಿ ಜಾಸ್ತಿ ಆಗಬಹುದು. ಬಾಕ್ಸ್ ಜೆಲ್ಲಿಫಿಶ್ ಇರುವ ಕಡಲಲ್ಲಿ ವಿನೆಗರ್ ಸುರಿಯುತ್ತಾರೆ. ಬ್ಲೂಬಾಟಲ್‌ಗೆ (ಜೆಲ್ಲಿಫಿಶ್‌ನಂಥ ನೀಲಿ ಜೀವಿ) ಆಸ್ಟ್ರೇಲಿಯಾದಲ್ಲಿ ಹೇಳುವುದು ವಿನೆಗರ್ ಅಲ್ಲ, ಸುಡದಷ್ಟು ಬಿಸಿ ನೀರು, ಸುಮಾರು 45 ಡಿಗ್ರಿ, 20 ನಿಮಿಷ. ಜಾತಿಗೆ ತಕ್ಕ ಚಿಕಿತ್ಸೆ. ಇಳಿಯುವ ಮೊದಲು ಅಲ್ಲಿನ ಲೈಫ್‌ಗಾರ್ಡನ್ನು ಕೇಳಿ.

ಗಾಳಿಪಟ: ಹಂಚಿಕೊಂಡಿದ್ದಕ್ಕೆ ಇಷ್ಟು ಸಿಟ್ಟಾ?

ಡಾಕ್ಟರ್: ಹೌದು. ಅದನ್ನು ನಂಬಿ ಮಾಡಿದವರು ಆಮೇಲೆ ನನ್ನ ಹತ್ತಿರ ಬರುತ್ತಾರೆ.

ಸಕ್ಕರೆಬಿಲ್ಲೆ: ಸನ್‌ಸ್ಕ್ರೀನ್ ಬದಲು ಕೊಬ್ಬರಿ ಎಣ್ಣೆ ಸಾಕಾ?

ಡಾಕ್ಟರ್: ಸಾಲದು. ಉದ್ದ ತೋಳಿನ ಈಜುಡುಗೆ ಹಾಕಿ. ಸ್ನಾರ್ಕೆಲ್ ಮಾಡುವವರಿಗೆ ಸುಡುವುದು ಬೆನ್ನು ಮತ್ತು ಮೊಣಕಾಲಿನ ಹಿಂಭಾಗ. ಉಳಿದ ಕಡೆ ಜಿಂಕ್ ಆಕ್ಸೈಡ್ ಇರುವುದು. ಹವಾಯಿಯಲ್ಲಿ ಆಕ್ಸಿಬೆನ್ಝೋನ್, ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನ್ ಮಾರಾಟ 2021ರಿಂದ ನಿಷೇಧ. ಮಾವಿಯಲ್ಲಿ 2022ರ ಅಕ್ಟೋಬರ್‌ನಿಂದ ಜಿಂಕ್ ಆಕ್ಸೈಡ್‌ನಂಥ ಖನಿಜದ್ದು ಮಾತ್ರ ಬಳಸಬೇಕು. ಪಲಾವ್ ಅನ್ನುವ ದ್ವೀಪದೇಶದಲ್ಲೂ 2020ರಿಂದ ನಿಷೇಧ ಇದೆ. ಹವಳಕ್ಕೆ ಹಾನಿ ಅಂತ.

ತೆಪ್ಪ: ಪೂರ್ತಿ ಮುಖದ ಸ್ನಾರ್ಕೆಲ್ ಮಾಸ್ಕ್ ತಗೋಬಹುದಾ?

ತೆಪ್ಪ: ಯಾರಾದರೂ ಹೇಳಿ ಪ್ಲೀಸ್.

ಇಬ್ಬನಿ: ನನ್ನದು ಆರೋಗ್ಯದ ಪ್ರಶ್ನೆ ಅಲ್ಲ. ಗಂಡನಿಗೆ ಡೈವಿಂಗ್ ಹುಚ್ಚು. ನನಗೆ ಆಳದ ನೀರು ಕಂಡರೆ ಭಯ. ಒಟ್ಟಿಗೆ ಹೋಗಿ ಒಬ್ಬೊಬ್ಬರೇ ಮಾಡೋದಾದರೆ ಹೋಗೋದೇ ಯಾಕೆ ಅಂತಾರೆ.

ಕಡಲಕಾಗೆ: ಸರಿಯಾಗೇ ಹೇಳ್ತಾರೆ. ಒಂದು ಸಲ ಇಳಿದರೆ ಭಯ ಹೋಗುತ್ತೆ. ನನ್ನ ಹೆಂಡತಿಯನ್ನೂ ಹಾಗೇ ಇಳಿಸಿದೆ.

ಹೊಂಗೆಮರ: 'ಇಳಿಸಿದೆ' ಅಂತೀರಲ್ಲ, ಅವರನ್ನು ಕೇಳಿದ್ರಾ?

ಕಡಲಕಾಗೆ: ನಮ್ಮ ಮನೆ ವಿಷಯ ನಿಮಗ್ಯಾಕೆ?

ಹೊಂಗೆಮರ: ಇಲ್ಲಿ ಬರೆದವರು ನೀವೇ.

ಬೆಳ್ಳಿಚುಕ್ಕಿ: ಎರಡು ಗಂಟೆ ಬೇರೆ ಬೇರೆ ಇದ್ದರೆ ಏನಾಗುತ್ತೆ? ನಾವು ಹಾಗೇ ಮಾಡ್ತೀವಿ. ಊಟಕ್ಕೆ ಕೂತಾಗ ಹೇಳಿಕೊಳ್ಳೋಕೆ ಮಾತಾದರೂ ಇರುತ್ತೆ.

ಗಾಳಿಪಟ: ಹಾಗಾದರೆ ಒಬ್ಬೊಬ್ಬರೇ ಟ್ರಿಪ್ ಹೋಗಿ.

ಅಡ್ಮಿನ್: ವಿಷಯಕ್ಕೆ ಬನ್ನಿ.

ಡಾಕ್ಟರ್: ಇಬ್ಬನಿ, ಇದು ಆರೋಗ್ಯದ ಪ್ರಶ್ನೆಯೇ. ಒತ್ತಾಯಕ್ಕೆ ನೀರಿಗಿಳಿದವರು ಗಾಬರಿಯಾಗುವುದು ಜಾಸ್ತಿ. 'ಬೇಡ' ಅಂದವರ ಮಾತೇ ಕೊನೆಯದಾಗಬೇಕು, ಅದು ಯಾರೇ ಆಗಲಿ. ನಿಂತರೆ ಸೊಂಟದವರೆಗೆ ಬರುವ ನೀರಲ್ಲಿ ಇಬ್ಬರೂ ಸ್ನಾರ್ಕೆಲ್ ಮಾಡಿ. ಅಲ್ಲೂ ಒಂದು ಎಚ್ಚರ ಬೇಕು. ಸ್ನಾರ್ಕೆಲ್ ಮಾಡುವವರು ಹೇಗೂ ಮುಖ ಕೆಳಗೆ ಮಾಡಿ ತೇಲುತ್ತಿರುತ್ತಾರೆ. ಪ್ರಜ್ಞೆ ತಪ್ಪಿದವರೂ ಹಾಗೇ ತೇಲುತ್ತಾರೆ. ದಡದಿಂದ ನೋಡಿದರೆ ವ್ಯತ್ಯಾಸ ಗೊತ್ತಾಗಲ್ಲ. ಕೈಗೆ ಸಿಗುವಷ್ಟು ಹತ್ತಿರ ಇರಿ. ಕೆಲವು ನಿಮಿಷಕ್ಕೊಮ್ಮೆ ತಲೆ ಎತ್ತಿ 'ಸರಿ ಇದ್ದೇನೆ' ಅಂತ ಕೈಸನ್ನೆ ಮಾಡಿಕೊಳ್ಳಿ. ಉಸಿರು ಬಿಗಿಯಾಯಿತಾ? ನಿಲ್ಲಿ, ಮಾಸ್ಕ್ ಕಿತ್ತು ಹಾಕಿ, ಹೊರಗೆ ಬನ್ನಿ. ದಡದಲ್ಲಿ ಕೂತು ಫೋನ್ ನೋಡುವವರು ಜೊತೆಗಾರರಲ್ಲ.

ಹೊಸಬ: ಈಜು ಬರಲ್ಲ, ಡೈವಿಂಗ್ ಆಗುತ್ತಾ ಸರ್?

ಡಾಕ್ಟರ್: ಮೇಲೆ ಇದೆ. ಸರ್ ಅಲ್ಲ, ಮೇಡಂ.

ಮುಂಗಾರು: ದೋಣಿಯಲ್ಲಿ ವಾಂತಿ ಬರದಂತೆ?

ಡಾಕ್ಟರ್: ಹತ್ತುವ ಒಂದು ಗಂಟೆ ಮುಂಚೆ ಮಾತ್ರೆ. ಹತ್ತಿದ ಮೇಲೆ ತಿಂದರೆ ತಡವಾಯಿತು.

ಹೊಸಬ: ಡೈವ್ ಆಗಿ ಎಷ್ಟು ಹೊತ್ತಿಗೆ ವಿಮಾನ ಹತ್ತಬಹುದು?

ಡಾಕ್ಟರ್: ಮೇಲೆ ಇದೆ. ದಯವಿಟ್ಟು ಓದಿ.

ಕಡಲಕಾಗೆ: ಒಂದು ಸಾಲು ಹೇಳೋಕೆ ಇಷ್ಟು ಕಷ್ಟನಾ? ಉತ್ತರ ಕೊಡೋಕೆ ಅಂತಾನೇ ಬಂದಿರೋದಲ್ವಾ?

ಹೊಂಗೆಮರ: ನೀವೇ ಹೇಳಿಬಿಡಿ, ಬೆಳಿಗ್ಗೆ ಡೈವ್ ಮಧ್ಯಾಹ್ನ ವಿಮಾನ ಅಂತ.

ಅಡ್ಮಿನ್: ಇಬ್ಬರ ಮೆಸೇಜೂ ನಾಳೆವರೆಗೆ ಬಂದ್ ಮಾಡಿದ್ದೇನೆ.

ನೀಲಿಛತ್ರಿ: ಡಾಕ್ಟರೇ, ಪರೀಕ್ಷೆಗೆ ಸಮಯ ತಗೊಂಡಿದ್ದೇವೆ. ಅವರಿಗೆ ಆಗಲ್ಲ ಅಂದರೆ ನಾನೊಬ್ಬಳೇ ಡೈವ್ ಮಾಡೋದು ಸರಿನಾ? ಅವರೇ ಮಾಡು ಅಂತಿದ್ದಾರೆ.

ಡಾಕ್ಟರ್: ಗೈಡ್ ಜೊತೆ ಮಾಡಿ, ಒಂಟಿಯಾಗಿ ಬೇಡ. ಮೊಲೊಕಿನಿಗೆ ಹೋಗುವ ಕೆಲವು ದೋಣಿಗಳು ಡೈವ್ ಮಾಡುವವರನ್ನೂ ಸ್ನಾರ್ಕೆಲ್ ಮಾಡುವವರನ್ನೂ ಒಟ್ಟಿಗೆ ಕರೆದೊಯ್ಯುತ್ತವೆ. ಅಂಥದ್ದನ್ನೇ ಬುಕ್ ಮಾಡಿ. ಅವರು ಮೇಲೆ ಇರುತ್ತಾರೆ, ಅವರ ಪಕ್ಕ ಸಿಬ್ಬಂದಿ ಇರಲಿ. ಆಸ್ತಮಾ ಇದೆ ಅಂತ ಸಿಬ್ಬಂದಿಗೆ ಮೊದಲೇ ಹೇಳಿ, ಇನ್ಹೇಲರ್ ದೋಣಿಯಲ್ಲೇ ಇರಲಿ. ನಿಮ್ಮ ವಿಮೆಯಲ್ಲಿ ಡೈವಿಂಗ್ ಮತ್ತು ಒತ್ತಡದ ಕೋಣೆಯ ಚಿಕಿತ್ಸೆ (ನೈಟ್ರೋಜನ್ ಗುಳ್ಳೆ ಕರಗಿಸಲು ಕೊಡುವುದು) ಸೇರಿದೆಯಾ ಅಂತ ಕಾಗದ ತೆಗೆದು ಓದಿ, ಫೋನಲ್ಲಿ ಕೇಳಿದ್ದನ್ನು ನಂಬಬೇಡಿ. ಡೈವ್ ಆದ ಮೇಲೆ ಕೀಲು ನೋವು, ಜುಮ್ಮೆನ್ನುವುದು ಶುರುವಾದರೆ 'ಪ್ರಯಾಣದ ಸುಸ್ತು' ಅಂತ ಮಲಗಬೇಡಿ. ಆಕ್ಸಿಜನ್ ಕೇಳಿ, ಆಸ್ಪತ್ರೆಗೆ ಹೋಗಿ, ಮತ್ತೆ ನೀರಿಗೆ ಇಳಿಯಬೇಡಿ. ಸ್ಪೈರೋಮೆಟ್ರಿ ರಿಪೋರ್ಟ್ ಬಂದ ದಿನವೇ ನನಗೆ ತಿಳಿಸಿ.

ತೆಪ್ಪ: ಮಾಸ್ಕ್ ಪ್ರಶ್ನೆ ಕೇಳಿದ್ದೆ.

ಗಾಳಿಪಟ: ಆಸ್ತಮಾಗೆ ಒಂದು ಕಷಾಯ ಇದೆ, ವಿಡಿಯೋ ಕಳಿಸ್ಲಾ?

ಡಾಕ್ಟರ್: ಬೇಡ.